ಉಡಿ ತುಂಬಿದ ಮೇಲೆ

ಪಂಚಮಿಗೆ ಇನ್ನೂ ಎಂಟು ದಿನ ಇದೆ ಎನ್ನುವಾಗಲೇ ಸವಣೂರಿನ ನಮ್ಮ ಮನೆಯಲ್ಲಿ ಶೇಂಗಾ ಹುರಿಯುವ ವಾಸನೆ ಏಳುತ್ತಿತ್ತು. ಉದ್ದನೆಯ ಮಣ್ಣಿನ ಮನೆ ಅದು. ಬೀದಿಗೆ ಕಟ್ಟೆ, ಬಾಗಿಲು ದಾಟಿದರೆ ಎಮ್ಮೆ ಕಟ್ಟುವ ಜಾಗ, ಅಲ್ಲಿಂದ ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಕೊನೆಗೆ ಹಿತ್ತಲು. ಅಡುಗೆಮನೆಗೆ ಕಿಟಕಿ ಇರಲಿಲ್ಲ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಅದರಿಂದ ಬೀಳುವ ಬೆಳಕಿನಲ್ಲಿ ಮಣೆ ಹಾಕಿಕೊಂಡು ಆಯಿ ಉಂಡಿ ಕಟ್ಟುತ್ತಿದ್ದಳು. ಆಯಿ ಎಂದರೆ ನಮ್ಮಪ್ಪನ ತಾಯಿ. ಅಪ್ಪ ಮತ್ತು ಅವನ ತಂಗಿ ನೀಲತ್ತಿ ಸಣ್ಣವರಿದ್ದಾಗಲೇ ಗಂಡನನ್ನು ಕಳೆದುಕೊಂಡು, ತುಸು ಹೊಲ ಮತ್ತು ಎರಡು ಎಮ್ಮೆಗಳ ಮೇಲೆ ಸಂಸಾರ ನಡೆಸಿದವಳು. ನಮ್ಮ ಮನೆಯಲ್ಲಿ ಯಾವುದೂ ಹೆಚ್ಚಿರಲಿಲ್ಲ. ಆದರೂ ಹಬ್ಬಕ್ಕೆ ನಮ್ಮಲ್ಲಿಂದ ಏನೂ ಹೋಗದ ಮನೆ ಆ ಓಣಿಯಲ್ಲಿ ಒಂದೂ ಇರಲಿಲ್ಲ. ಶೇಂಗಾ ಉಂಡಿ, ಎಳ್ಳುಂಡಿ, ಅರಳು ಬೀಸಿದ ಅಳ್ಳಿಟ್ಟಿನ ಉಂಡಿ, ಮೂರೇ ಬಗೆ. ಹಬ್ಬದ ಹಿಂದಿನ ದಿನ, ರೊಟ್ಟಿ ಹಬ್ಬಕ್ಕೆ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಮಡಕಿಕಾಳಿನ ಪಲ್ಯ. ತಟ್ಟೆಗೆ ಅವ್ವ ತೊಳೆದ ಬಟ್ಟೆ ಮುಚ್ಚಿಕೊಡುತ್ತಿದ್ದಳು, ನಾನು ಮನೆಮನೆಗೆ ಹೊತ್ತುಕೊಂಡು ಹೋಗುತ್ತಿದ್ದೆ.

ಕೊಡುವುದಕ್ಕೆ ಆಯಿಯ ಹತ್ತಿರ ಕಟ್ಟಳೆಗಳಿದ್ದವು. ಅವನ್ನು ಅವಳು ಯಾವತ್ತೂ ಪಾಠದ ಹಾಗೆ ಹೇಳಿದವಳಲ್ಲ. ಕೆಲಸದ ನಡುವೆ, ಅದೂ ಬೈಯುವ ದನಿಯಲ್ಲಿ, ಬಾಯಿಂದ ಬೀಳುತ್ತಿದ್ದವು. ಅಪ್ಪ ಒಮ್ಮೆ ಯಾರದೋ ಮದುವೆಗೆ ಹಿತ್ತಾಳೆಯ ದೀಪದ ಸಮೆ ಕೊಡೋಣ ಎಂದಾಗ ಅವಳು ಒಪ್ಪಲಿಲ್ಲ.

"ತಿಂದು ಮುಗಿಯೂದು ಕೊಡು. ಉಳಿಯೂದು ಕೊಟ್ರ ಅದು ಅವರ ಮನಿಯಾಗ ಕುಂತು ದಿನಾ ಮಾತಾಡತೈತಿ, ನಾ ಇಂಥವರ ಮನಿಯಿಂದ ಬಂದೇನಿ ಅಂತ."

ಬಾಣಂತಿಯ ಮನೆಗೆ ಹೊಸ ಬಟ್ಟೆ ಒಯ್ಯುವವರನ್ನು ಕಂಡರೆ ಅವಳಿಗೆ ನಗು. ನಾಲ್ಕು ವರ್ಷ ತೊಳೆದು ಬೆಣ್ಣೆಯಂತಾದ ಅಪ್ಪನ ಧೋತರವನ್ನು ಹರಿದು, ಅಂಚು ಹೊಲಿದು, ಬೇವಿನೆಲೆಯ ನಡುವೆ ಮಡಚಿಟ್ಟು ಕೊಡುತ್ತಿದ್ದಳು. ಹೊಸದು ಕೂಸಿಗೆ ಚುಚ್ಚುತ್ತದೆ ಎನ್ನುವುದು ಅವಳ ಮಾತು. ನಮ್ಮ ಮನೆಗೆ ಬಂದ ಯಾರ ಪಾತ್ರೆಯೂ ಖಾಲಿಯಾಗಿ ತಿರುಗಿ ಹೋಗುವಂತಿರಲಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಜೋಳವನ್ನಾದರೂ ಹಾಕಬೇಕು. ಓಣಿಯ ಕೊನೆಯಲ್ಲಿ ಫಾತಿಮಾಬಿ ಎಂಬ ಒಂಟಿ ಹೆಂಗಸಿದ್ದಳು. ಆಕೆಯ ಮನೆಯಲ್ಲಿ ಒಲೆ ಹತ್ತದ ದಿನಗಳಿದ್ದವು. ಹಬ್ಬ ಹತ್ತಿರ ಬಂದಾಗ ಆಯಿ ನನ್ನನ್ನು ಆಕೆಯ ಗಿಡದ ನುಗ್ಗೆಸೊಪ್ಪು ಕೇಳಿ ತರಲು ಅಟ್ಟುತ್ತಿದ್ದಳು. ನಮ್ಮ ಹಿತ್ತಲಲ್ಲೇ ನುಗ್ಗೆ ಗಿಡ ಇದೆಯಲ್ಲ ಎಂದು ನಾನು ಹಟ ಮಾಡಿದೆ.

"ನಮ್ಮದು ಇರಲಿ. ಆಕೀ ಕಡೆ ಬೇಡಿ ತಾ. ನಾವು ಮೊದಲ ಇಸಗೊಂಡ್ರ ಆಮ್ಯಾಲ ನಾವು ಕೊಡೂದು ತಿರಗಿ ಕೊಟ್ಟಂಗ ಆಗತೈತಿ. ಆಕೀ ತಲಿ ತಗ್ಗಿಸೂದು ಬ್ಯಾಡ."

ಸೊಪ್ಪು ತಂದ ಮರುದಿನ ಅದೇ ಬುಟ್ಟಿಯಲ್ಲಿ ಹಿಟ್ಟು, ಬೆಲ್ಲ, ಉಂಡಿ ಹೋಗುತ್ತಿದ್ದವು. ಅದೂ ಹಿತ್ತಲ ಬಾಗಿಲಿನಿಂದ.

ಹೋದ ವರ್ಷ ದೀಪಾವಳಿಯ ಮುಂಚೆ, ಶಿಗ್ಗಾಂವಿಯಲ್ಲಿ ನಾನೀಗ ಇರುವ ಬಡಾವಣೆಯ ಹೆಣ್ಣುಮಕ್ಕಳು ಒಂದು ಸಂಜೆ ಸೇರಿದ್ದರು. ಈಗಿನ ಗಿಫ್ಟ್ ಬಾಕ್ಸುಗಳ ಹಾವಳಿಯಲ್ಲಿ ಹಿಂದಿನವರು ಹೇಗೆ ಕೊಡುತ್ತಿದ್ದರು ಎಂದು ನೀವು ಹೇಳಬೇಕು ಟೀಚರ್ ಎಂದು ನನ್ನನ್ನು ಕರೆದರು. ನಾನು ಮೂವತ್ತು ವರ್ಷ ಸಾಲೆಯಲ್ಲಿ ಮಾತಾಡಿದವಳು. ಧೋತರದ್ದು ಹೇಳಿದೆ, ನುಗ್ಗೆಸೊಪ್ಪಿನದು ಹೇಳಿದೆ. ಕೆಲವರು ಕಣ್ಣೊರೆಸಿಕೊಂಡರು. ಒಬ್ಬಳು ಮೊಬೈಲಿನಲ್ಲಿ ಹಿಡಿದು ಎಲ್ಲರಿಗೂ ಕಳಿಸಿದಳು. ಕೊನೆಗೆ ಒಬ್ಬ ಹುಡುಗಿ, ನಿಮ್ಮ ಆಯಿ ಕೊಟ್ಟದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು ಎಂದು ಕೇಳಿದಳು. ನಾನು ಏನೋ ಒಂದು ಹೇಳಿ ಕುಳಿತೆ. ಆಯಿ ಕೊಡದೆ ಹೋದದ್ದು ಮಾತ್ರ ಆಗ ನನ್ನ ಬಾಯಿಯವರೆಗೆ ಬಂದು ನಿಂತಿತ್ತು.

ನನಗೆ ಒಂಬತ್ತು ವರ್ಷವಿದ್ದಾಗಿನ ಮಾತು. ನೀಲತ್ತಿಯನ್ನು ಹಿರೇಕೆರೂರು ಕಡೆಯ ಚಿಕ್ಕೇರೂರಿಗೆ ಕೊಟ್ಟಿತ್ತು. ಮದುವೆಯಾಗಿ ಆರು ವರ್ಷವಾಗಿದ್ದರೂ ಮಕ್ಕಳಿರಲಿಲ್ಲ. ಪ್ರತಿ ಪಂಚಮಿಗೆ ಅಪ್ಪ ಹೋಗಿ ಕರೆತರುತ್ತಿದ್ದ. ಬಂದವಳೇ ಹಿತ್ತಲ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯಲ್ಲಿ ನನ್ನನ್ನು ಎದುರು ಕೂರಿಸಿಕೊಂಡು ಜೀಕುತ್ತಿದ್ದಳು. ಆ ವರ್ಷ ಜೋಕಾಲಿಯ ಹತ್ತಿರ ಸುಳಿಯಲಿಲ್ಲ. ಬಳೆಗಳು ಮೊಣಕೈವರೆಗೆ ಸರಿಯುವಷ್ಟು ಸೊರಗಿದ್ದಳು. ಉಣ್ಣಲು ಕರೆದರೆ ತಟ್ಟೆಯ ಮುಂದೆ ಕೂರದೆ, ಅಡುಗೆಮನೆಯ ಮೂಲೆಯಲ್ಲಿ ನಿಂತೇ ಬೇಗ ಬೇಗ ಉಣ್ಣುತ್ತಿದ್ದಳು. ನಾನು ಅವಳ ಪಕ್ಕ ಮಲಗುತ್ತಿದ್ದೆ. ಒಂದು ಮುಂಜಾನೆ ಹಾಸಿಗೆ ಸುತ್ತುವಾಗ ದಿಂಬಿನ ಕೆಳಗೆ ಮಡಚಿಟ್ಟ ಅರ್ಧ ರೊಟ್ಟಿ ಸಿಕ್ಕಿತು. ಇಲಿ ಒಯ್ದದ್ದಿರಬೇಕು ಎಂದು ನಾನು ಅವ್ವನಿಗೆ ತೋರಿಸಿದೆ. ಅವ್ವ ರೊಟ್ಟಿಯನ್ನು ನೋಡಿದಳು, ಮತ್ತೆ ಅದನ್ನು ಅಲ್ಲೇ ಇಡು ಎಂದಳು.

ಹಬ್ಬ ಮುಗಿದ ಮೂರನೆಯ ದಿನ ಆಯಿ ಅತ್ತಿಯನ್ನು ಕಳಿಸುವ ತಯಾರಿ ಸುರು ಮಾಡಿದಳು. ಗಂಡನ ಮನೆಗೆ ಹೋಗುವ ಮಗಳಿಗೆ ಉಡಿ ತುಂಬಬೇಕು. ಸೆರಗೊಡ್ಡಿದ ಮಗಳ ಮಡಿಲಿಗೆ ಐದು ಬೊಗಸೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ ಅಡಿಕೆ, ಕುಪ್ಪಸದ ಖಣ. ಉಡಿ ತುಂಬಿಸಿಕೊಂಡ ಮಗಳು ಹಿಂದಿರುಗಿ ನೋಡಬಾರದು, ಆ ದಿನ ತವರಲ್ಲಿ ಉಳಿಯಬಾರದು. ನಾನು ಆಯಿಯ ಮುಂದೆ ಕುಳಿತು ಉತ್ತತ್ತಿ ಆರಿಸುತ್ತಿದ್ದೆ. ಅತ್ತಿ ಬಂದು ಒಲೆಯ ಹತ್ತಿರ ಕುಳಿತಳು. ಬಹಳ ಹೊತ್ತು ಬೂದಿಯಲ್ಲಿ ಕಡ್ಡಿಯಿಂದ ಗೀಚುತ್ತಿದ್ದಳು.

"ಯವ್ವಾ, ಈ ಸಲ ನನ್ನ ಉಡಿ ತುಂಬಸಬ್ಯಾಡ."

ಆಯಿ ತಲೆಯೆತ್ತಲಿಲ್ಲ.

"ಯಾಕ?"

"ಇನ್ನೊಂದು ಎಂಟು ದಿನ ಇರ್ತೇನಿ. ನನಗ ಖಣಾ ಬ್ಯಾಡ, ಉಂಡಿ ಬ್ಯಾಡ. ಈ ಪಂಚಮಿಗಿ ನನಗ ಆ ಎಂಟು ದಿನಾ ಕೊಡು ಸಾಕು."

"ಎಂಟು ದಿನ ಅಂತಿ, ಶ್ರಾವಣ ಮುಗಿತೈತಿ. ಅಲ್ಲಿ ಮನಿ ಯಾರು ನೋಡಬೇಕು?"

"ಅಲ್ಲಿ ನನ್ನ ಉಣ್ಣಾಕ ಕರಿಯೂದಿಲ್ಲವ್ವ. ಎಲ್ಲಾರೂ ಉಂಡ ಮ್ಯಾಲ ಮುಚ್ಚಿ ಇಡತಾರ. ಏನರ ಉಳದಿದ್ರ ಉಣ್ಣಬೇಕು. ನಾಕು ತಿಂಗಳಾತು."

ಆಯಿಯ ಕೈ ನಿಂತಿತು. ಉತ್ತತ್ತಿಯ ಮೇಲಿನ ಕಣ್ಣು ಮಾತ್ರ ಹಾಗೇ ಇತ್ತು.

"ಇನ್ನೊಬ್ಬಾಕೀನ ತರತಾರಂತ ಸುದ್ದಿ ಐತಿ. ನೀ ಇಲ್ಲಿ ಕುಂತರ ನಿನ್ನ ಜಾಗಾ ನೀನ ಬಿಟ್ಟಕೊಟ್ಟಂಗ ಆಗತೈತಿ. ಆಕೀ ಬಂದ ಮ್ಯಾಲ ನೀ ಯಾರು?"

"ಈಗರ ನಾ ಯಾರವ್ವ?"

ಆಯಿ ನನ್ನ ಕಡೆ ತಿರುಗಿ, ಹುಳುಕು ಉತ್ತತ್ತಿ ಬೇರೆ ಇಡು ಎಂದಳು.

ಅವತ್ತು ಮಧ್ಯಾಹ್ನದ ಊಟದ ಹೊತ್ತಿಗೆ ಅವ್ವ ಮತ್ತು ಆಯಿಯ ನಡುವೆ ನಾನು ಎಂದೂ ಕೇಳದಂಥ ಜಗಳವಾಯಿತು. ಅವ್ವ ಆಯಿಗೆ ಎದುರು ಮಾತಾಡಿದವಳೇ ಅಲ್ಲ. ಅವತ್ತು ರೊಟ್ಟಿ ಬಡಿಯುತ್ತಾ, ಬಡಿಯುವುದನ್ನು ನಿಲ್ಲಿಸದೆ ಮಾತಾಡಿದಳು.

"ದಿನಾ ಎರಡು ರೊಟ್ಟಿ ಹೆಚ್ಚಿಗಿ ಬಡದ್ರ ಮುಗೀತ್ರಿ ಅತ್ತಿಯಾರ. ನಾ ಬಡೀತೇನಿ. ನೀಲವ್ವ ಇರಲಿ ಬಿಡ್ರಿ."

"ರೊಟ್ಟಿ ಮಾತಲ್ಲವಾ ಇದು."

"ಮತ್ತೇನ ಮಾತ್ರಿ? ಓಣಿಗೆಲ್ಲಾ ಹಂಚತೀರಿ. ಮಗಳಿಗಿ ಎಂಟು ದಿನ ಕೊಡಾಕ ಆಗೂದಿಲ್ಲೇನು?"

"ನನ್ನ ಗಂಡ ಸತ್ತಾಗ ನನ್ನ ತವರಮನಿಯವರು ನನ್ನ ಕರಕೊಂಡು ಹೋಗಾಕ ಬಂದಿದ್ರು. ಹೋಗಿದ್ರ ಈ ಹೊಲಾ ಮನಿ ಇರತಿತ್ತೇನು? ನಾ ಜಾಗಾ ಬಿಡಲಿಲ್ಲ. ಆಕೀಗೂ ಅದನ್ನ ಹೇಳಾಕತ್ತೇನಿ. ಇದಕ್ಕಿಂತ ಹೆಚ್ಚಿಂದು ನನ್ನ ಹತ್ರ ಇಲ್ಲ ಕೊಡಾಕ."

ಅಪ್ಪ ಪಡಸಾಲೆಯಲ್ಲಿ ಉಣ್ಣುತ್ತಿದ್ದ. ಇಬ್ಬರೂ ಅವನ ಕಡೆ ನೋಡಿದರು. ಅವನು ಮಜ್ಜಿಗೆ ಕುಡಿದು ಕೈತೊಳೆದು, ನೀವು ನೀವು ಮಾತಾಡಿಕೊಂಡು ಏನರ ಮಾಡ್ರಿ, ನಾಳೆ ಹೋಗೂದಾದ್ರ ಹನ್ನೊಂದರ ಬಸ್ಸಿಗಿ ತಯಾರಾಗಿರ್ರಿ ಎಂದು ಹೊಲಕ್ಕೆ ಹೋದ. ನಮ್ಮ ಅಪ್ಪ ಕೆಟ್ಟವನಲ್ಲ. ಎಮ್ಮೆಗೂ ಜೋರು ಮಾಡುತ್ತಿರಲಿಲ್ಲ. ಅವ್ವ ಮುಂದೆ ಅವನ ಜೊತೆ ಎಷ್ಟೋ ವರ್ಷ ಬಾಳಿದಳು, ನಕ್ಕಳು, ಅವನು ಹಾಸಿಗೆ ಹಿಡಿದಾಗ ಸೇವೆ ಮಾಡಿದಳು. ಆದರೆ ಆ ಮಧ್ಯಾಹ್ನದ ಮಜ್ಜಿಗೆಯನ್ನು ಮರೆಯಲಿಲ್ಲ. ಸಾಯುವ ಮುಂಚೆಯೂ ಒಮ್ಮೆ ನನ್ನೆದುರು ಅದನ್ನು ತೆಗೆದಿದ್ದಳು.

ಮರುದಿನ ಹೊತ್ತೇರುವ ಹೊತ್ತಿಗೆ ಎಲ್ಲ ಸಿದ್ಧವಾಗಿತ್ತು. ಬಿದಿರಿನ ಬುಟ್ಟಿಯಲ್ಲಿ ಉಂಡಿಗಳು, ಮೇಲೆ ಬಾಳೆಎಲೆ. ಪಡಸಾಲೆಯಲ್ಲಿ ಮಣೆ ಹಾಕಿತ್ತು. ಅತ್ತಿ ಮಾತ್ರ ಕಾಣಲಿಲ್ಲ. ಅವ್ವ ಹಿತ್ತಲಲ್ಲಿ ಕೂಗಿದಳು, ಅಪ್ಪ ಬಾವಿಯ ತನಕ ಓಡಿಹೋಗಿ ಬಗ್ಗಿ ನೋಡಿ ಬಂದ. ನನಗೆ ಗೊತ್ತಿತ್ತು. ಮುಂಜಾನೆ ಅವಳು ಏಣಿ ಹತ್ತಿ ಅಡುಗೆಮನೆಯ ಅಟ್ಟಕ್ಕೆ ಹೋದದ್ದನ್ನು ನಾನು ನೋಡಿದ್ದೆ. ಮೇಲಿನಿಂದ ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟಿದ್ದಳು. ನಾನು ತಲೆಯಾಡಿಸಿದ್ದೆ.

ಆಯಿ ನನ್ನ ಗದ್ದ ಹಿಡಿದಳು.

"ಶಾಂತಾ, ನೀ ಸುಳ್ಳು ಹೇಳೂ ಹುಡಿಗಿ ಅಲ್ಲ. ನಿಮ್ಮತ್ತಿ ಎಲ್ಲಿ ಅದಾಳ?"

ನಾನು ಮೇಲೆ ಕೈ ತೋರಿಸಿದೆ. ಹೆದರಿ ತೋರಿಸಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ್ದು ನನಗೊಬ್ಬಳಿಗೇ ಗೊತ್ತಿತ್ತು, ಆಯಿ ಎಲ್ಲರೆದುರು ನನ್ನನ್ನೇ ಕೇಳಿದ್ದಳು. ಆ ಹಿಗ್ಗಿನಲ್ಲಿ ತೋರಿಸಿದೆ. ಯಾರೂ ಏಣಿ ಹತ್ತಬೇಕಾಗಲಿಲ್ಲ. ಜೋಳದ ಚೀಲಗಳ ಹಿಂದಿನಿಂದ ಅತ್ತಿ ತಾನೇ ಇಳಿದು ಬಂದಳು. ತಲೆಯಲ್ಲಿ ಹೊಟ್ಟು, ಸೀರೆಯಲ್ಲಿ ಜೇಡರಬಲೆ. ಅವ್ವ ಒಂದೊಂದಾಗಿ ಬಿಡಿಸಿದಳು. ಅತ್ತಿ ನನ್ನ ಪಕ್ಕದಲ್ಲಿ ಹಾದುಹೋಗುವಾಗ ನಿಂತು, ಸಿಟ್ಟಿಲ್ಲದ ದನಿಯಲ್ಲಿ ಕೇಳಿದಳು.

"ಹೇಳಿದೇನ?"

ಮುತ್ತೈದೆಯೇ ಉಡಿ ತುಂಬಬೇಕು, ಆಯಿ ವಿಧವೆ. ಆದ್ದರಿಂದ ಅಷ್ಟು ಜಗಳವಾಡಿದ ಅವ್ವನ ಕೈಯೇ ಆ ಕೆಲಸ ಮಾಡಬೇಕಾಯಿತು. ಆಯಿ ಅಡುಗೆಮನೆಯ ಬಾಗಿಲಲ್ಲಿ ಸರಿದು ನಿಂತಿದ್ದಳು. ಅವ್ವನ ಬೊಗಸೆಯಿಂದ ಅಕ್ಕಿ ನೆಲಕ್ಕೆ ಚೆಲ್ಲಿತು. ಆಯಿ ಅಲ್ಲಿಂದಲೇ, ನಾಕ ಆತು, ಇನ್ನೊಂದು ಹಾಕು ಎಂದಳು. ಅತ್ತಿ ಸೆರಗನ್ನು ಬಿಗಿಯಾಗಿ ಗಂಟು ಕಟ್ಟಿಕೊಂಡು ಎದ್ದಳು. ಆಯಿಯ ಕಾಲು ಮುಟ್ಟಿದಳು. ಅಪ್ಪ ಬುಟ್ಟಿ ಹೊತ್ತು ಮುಂದೆ, ಅವಳು ಹಿಂದೆ. ಹಿಂದಿರುಗಿ ನೋಡಲಿಲ್ಲ.

ಆ ದೀಪಾವಳಿಗೇ ಅವಳ ಗಂಡ ಎರಡನೆಯ ಮದುವೆಯಾದ. ಅತ್ತಿ ಜಾಗ ಬಿಡದೆ ಅಲ್ಲೇ ಇದ್ದಳು, ಆದರೂ ಆದ. ಸುದ್ದಿ ಬಂದಾಗ ಆಯಿ ಜಳಕಕ್ಕೆ ಹೊರಟಿದ್ದಳು. ಎಣ್ಣೆ ಹಚ್ಚಿಕೊಳ್ಳುತ್ತಿದ್ದವಳು ಹಾಗೇ ಕುಳಿತುಬಿಟ್ಟಳು, ನೀರು ಆರಿಹೋಯಿತು. ಮುಂದಿನ ಪಂಚಮಿಗೆ ಅಪ್ಪ ಕರೆಯಲು ಹೋದಾಗ ಅತ್ತಿ, ದನ ಈದಾವ, ಮುಂದಿನ ವರ್ಷ ಬರ್ತೇನಿ ಎಂದಳಂತೆ. ಮುಂದಿನ ವರ್ಷವೂ ಹಾಗೇ. ಸವತಿಗೆ ಮಗ ಹುಟ್ಟಿದ, ಅವನನ್ನು ಎತ್ತಿ ಆಡಿಸುವ ಕೆಲಸ ಇವಳದಾಯಿತು. ಅಪ್ಪ ಪ್ರತಿ ವರ್ಷ ಉಂಡಿಯ ಬುಟ್ಟಿ ಒಯ್ದು ಕೊಟ್ಟು, ಒಬ್ಬನೇ ಮರಳುತ್ತಿದ್ದ. ಬುಟ್ಟಿ ಖಾಲಿ ಬರುತ್ತಿರಲಿಲ್ಲ. ತಳದಲ್ಲಿ ಒಂದು ಹಿಡಿ ಜೋಳ ಇರುತ್ತಿತ್ತು. ಆಯಿ ಆ ಜೋಳವನ್ನು ಬೀಸಲಿಲ್ಲ, ಕೋಳಿಗೂ ಹಾಕಲಿಲ್ಲ. ಒಂದು ಗಡಿಗೆಯಲ್ಲಿ ಕೂಡಿಡುತ್ತಾ ಹೋದಳು. ನುಸಿ ಹಿಡಿದು ಹಿಟ್ಟಾಯಿತು.

"ನಾ ಕಲಿಸಿದ್ದು ಮರತಿಲ್ಲ ನೋಡು ಆಕೀ," ಎಂದು ಒಮ್ಮೆ ನನಗೆ ಹೇಳಿದಳು.

ಅದು ಹೆಮ್ಮೆಯೋ ಅಳುವೋ ನನಗೆ ತಿಳಿಯಲಿಲ್ಲ. ಆಗ ನಾನು ಕಾಲೇಜಿಗೆ ಹೋಗುತ್ತಿದ್ದೆ. ಆಯಿಯ ಕೊನೆಯ ವರ್ಷಗಳಲ್ಲಿ ಅವಳ ಉಂಡಿ ಕೈಯಲ್ಲಿ ನಿಲ್ಲದೆ ಒಡೆಯುತ್ತಿತ್ತು. ಆದರೂ ಚಿಕ್ಕೇರೂರಿನ ಬುಟ್ಟಿಯ ಉಂಡಿಯನ್ನು ಬೇರೆ ಯಾರಿಗೂ ಕಟ್ಟಲು ಬಿಡಲಿಲ್ಲ. ಅವಳು ಹಾಸಿಗೆ ಹಿಡಿದಾಗ ಅಪ್ಪ ಎರಡು ಸಲ ಹೇಳಿಕಳಿಸಿದ. ಅತ್ತಿ ಬಂದದ್ದು ಆಯಿ ತೀರಿದ ಮೇಲೆ, ಮಣ್ಣಿಗೆ. ಆಯಿಯ ಕಾಲ ಬಳಿ ಕುಳಿತು, ತಂದ ಹೂವು ಏರಿಸಿ, ಅಳದೆ ಕುಳಿತಿದ್ದಳು. ಮಣ್ಣು ಮುಗಿದು ಮನೆಗೆ ಬಂದ ಮೇಲೆ ಅವ್ವ ಅವಳ ಕೈ ಹಿಡಿದುಕೊಂಡಳು.

"ಇವತ್ತೊಂದು ದಿನ ಇರು ನೀಲಾ."

"ಸಂಜೀಕ ಹಾಲು ಹಿಂಡೂದೈತಿ ವೈನಿ. ನಾ ಇಲ್ಲಂದ್ರ ಆ ಎಮ್ಮಿ ಯಾರಿಗೂ ಹಾಲು ಕೊಡೂದಿಲ್ಲ."

ನಾಲ್ಕರ ಬಸ್ಸಿಗೆ ಹೋದಳು.

ಆ ಹೆಣ್ಣುಮಕ್ಕಳ ಸಭೆಯಾದ ವಾರದಲ್ಲೇ ನಾನು ಚಿಕ್ಕೇರೂರಿಗೆ ಹೋದೆ. ಮದುವೆ, ನೌಕರಿ, ಮಕ್ಕಳು ಎನ್ನುತ್ತಾ ಇಷ್ಟು ವರ್ಷಗಳಲ್ಲಿ ಅತ್ತಿಯನ್ನು ಅಲ್ಲಿಗೆ ಹೋಗಿ ನೋಡಿದ್ದು ಮೂರೋ ನಾಲ್ಕೋ ಸಲ. ಈಗ ಅವಳ ಗಂಡ ಇಲ್ಲ, ಸವತಿಯೂ ಇಲ್ಲ. ಸವತಿಯ ಮಗ, ಸೊಸೆ ಇದ್ದಾರೆ. ಹಳೆಯ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿದ್ದಾರೆ. ಅತ್ತಿಗೆ ಬೆನ್ನು ಬಾಗಿದೆ, ಕಿವಿ ಚೆನ್ನಾಗಿದೆ. ಹೊರಗಿನ ಕಟ್ಟೆಯ ಮೇಲೆ ಗೋವಿನಜೋಳ ಬಿಡಿಸುತ್ತಾ ಕುಳಿತಿದ್ದವಳು ನನ್ನ ದನಿಗೇ ಗುರುತಿಸಿದಳು. ಸೊಸೆ ಚಹಾ ಕೊಟ್ಟು ಒಳಗೆ ಹೋದಳು. ಒಳ್ಳೆಯ ಹೆಂಗಸಿನ ಹಾಗೆ ಕಂಡಳು. ಊಟಕ್ಕೆ ಅತ್ತಿಯನ್ನೇ ಮೊದಲು ಕರೆದಳು.

ಊಟವಾದ ಮೇಲೆ ನಾನು ಬಂದ ಕೆಲಸ ಹೇಳಿದೆ. ಶಿಗ್ಗಾಂವಿಯಲ್ಲಿ ನಾನು ಮತ್ತು ನಮ್ಮವರು ಇಬ್ಬರೇ, ಒಂದು ಕೋಣೆ ಸುಮ್ಮನೆ ಬಿದ್ದಿದೆ, ಬಂದು ಇರು, ಎಂಟು ದಿನವಾಗಲಿ, ಎಂಟು ತಿಂಗಳಾಗಲಿ. ಎಷ್ಟು ದಿನದಿಂದ ಮನಸ್ಸಿನಲ್ಲಿ ಕಟ್ಟಿಕೊಂಡ ಮಾತು ಅದು. ಅತ್ತಿ ನಕ್ಕಳು.

"ಈಗ ನನಗ ಅದು ಬೇಕಾಗಿಲ್ಲವಾ. ಬೇಕಾದಾಗ ಬೇಕಾಗಿತ್ತು."

"ಅಟ್ಟದ ಮ್ಯಾಲ ಇದ್ದಿ ಅಂತ ನಾನ ಹೇಳಿದ್ನಿ ಅತ್ತಿ."

"ನೀ ಹೇಳದಿದ್ರ ಹಸಿವಾದ ಮ್ಯಾಲ ನಾನ ಇಳೀತಿದ್ದೆ. ಹೋಗಲಿ ಬಿಡು."

ಸ್ವಲ್ಪ ಹೊತ್ತು ಜೋಳ ಬಿಡಿಸಿದಳು. ಆಮೇಲೆ ಕೇಳದೆಯೇ ಪೂಜಾಳ ಮಾತು ತೆಗೆದಳು. ಪೂಜಾ ಈ ಮನೆಯ ಮೊಮ್ಮಗಳು, ಸವತಿಯ ಮಗನ ಮಗಳು. ಅತ್ತಿಯ ಮಡಿಲಲ್ಲೇ ಬೆಳೆದವಳು, ಅವಳ ಪಕ್ಕವೇ ಮಲಗಿದವಳು. ಎರಡು ವರ್ಷದ ಹಿಂದೆ ಹಾನಗಲ್ಲಿಗೆ ಕೊಟ್ಟಿದ್ದರು.

"ಈ ಪಂಚಮಿಗಿ ಬಂದಿದ್ಲು. ಕೈ ಬಾತಿತ್ತು. ಬಾಗಲಾ ಬಡೀತು ಅಂದ್ಲು. ನನಗ ಗೊತ್ತಾಗೂದಿಲ್ಲೇನು? ಆಮ್ಯಾಲ ಹೇಳಿದ್ಲು ನನ್ನ ಮುಂದ. ದಸರಾ ತನಕ ಇಲ್ಲೇ ಇರ್ತೇನಿ, ನೀ ಅಪ್ಪಗ ಹೇಳು ಅಜ್ಜಿ ಅಂತ ಅತ್ಲು."

"ನೀ ಏನಂದಿ?"

"ಏನನ್ನಲಿ? ಜಾಗಾ ಬಿಡಬ್ಯಾಡವ್ವ ಅಂದೆ. ಸೊಸಿ ಕೈಲೆ ಉಡಿ ತುಂಬಿಸಿ ಬಸ್ ಹತ್ತಿಸಿ ಬಂದೆ. ಉಂಡಿ ನಾನ ಕಟ್ಟಿದ್ದೆ."

ನನಗೆ ಕೋಪ ಬಂತು. ಎಂಬತ್ತು ದಾಟಿದ ಮುದುಕಿಯ ಮೇಲೆ, ಅದೂ ಆ ಮುದುಕಿಯ ಮೇಲೆ.

"ನೀನೂ ಹಂಗ ಅಂದೇನು? ನೀನು?"

ಅತ್ತಿ ಕೈಯಲ್ಲಿದ್ದ ತೆನೆಯನ್ನು ತಿರುಗಿಸಿ ನೋಡಿ ಬುಟ್ಟಿಗೆ ಹಾಕಿದಳು.

"ಮತ್ತ ನನಗ ಬ್ಯಾರೆ ಮಾತು ಯಾರು ಕಲಿಸ್ಯಾರ?"

ಹಾನಗಲ್ಲಿನಲ್ಲಿ ಮನೆ ಎಲ್ಲಿ ಎಂದು ಕೇಳಿದೆ. ಬಸ್ ಸ್ಟ್ಯಾಂಡಿನಿಂದ ದೂರವಿಲ್ಲ, ಕೆರೆ ದಾರಿಗೆ ಎಡಕ್ಕೆ, ನೀಲಿ ಗೇಟು ಎಂದಳು.

ಶಿಗ್ಗಾಂವಿಗೆ ಮರಳುವ ಮಧ್ಯಾಹ್ನದ ಬಸ್ಸು ದಾರಿಯಲ್ಲಿ ಹಾನಗಲ್ಲಿಗೆ ಬಂದಾಗ ಇನ್ನೂ ಬಿಸಿಲಿತ್ತು. ಇಪ್ಪತ್ತು ನಿಮಿಷ ನಿಲ್ಲುತ್ತದೆ, ಚಹಾ ಕುಡಿಯುವವರು ಕುಡೀರಿ ಎಂದು ಕಂಡಕ್ಟರ್ ಇಳಿದ. ಹೆಣ್ಣುಮಕ್ಕಳಿಗೆ ಈಗ ಬಸ್ಸು ಫ್ರೀ. ಇಳಿದರೆ ಏನೂ ಖರ್ಚಿರಲಿಲ್ಲ, ಮುಂದಿನ ಬಸ್ಸೂ ಫ್ರೀ. ಹೋಗಿ ಏನೆನ್ನಬೇಕು ಎಂದು ಯೋಚಿಸಿದೆ. ನಾನು ನಿನಗೆ ಯಾರೂ ಅಲ್ಲ, ನಮ್ಮ ಮನೆಯಲ್ಲಿ ಒಂದು ಕೋಣೆ ಇದೆ, ಬಾ, ಎನ್ನಬೇಕು. ಅವಳ ಗಂಡ ಬಂದು ನಮ್ಮ ಬಾಗಿಲಲ್ಲಿ ಗದ್ದಲ ಮಾಡಿದರೆ, ಬಡಾವಣೆಯವರು ಕೇಳಿದರೆ, ನಮ್ಮವರು ಏನೆನ್ನುತ್ತಾರೆ. ಮೊದಲು ಫೋನು ಮಾಡಿ ನೋಡೋಣ ಎನಿಸಿತು. ನಂಬರು ಕೇಳಿಕೊಂಡಿರಲಿಲ್ಲ. ಜನ ಹತ್ತಿದರು, ನನ್ನ ಪಕ್ಕದ ಸೀಟಿನಲ್ಲಿ ಒಬ್ಬಾಕೆ ಕೂಸನ್ನು ಎತ್ತಿಕೊಂಡು ಕುಳಿತಳು. ಕಂಡಕ್ಟರ್ ಎರಡು ಸಲ ಸೀಟಿ ಊದಿದ.

ನಾನು ಇಳಿಯಲಿಲ್ಲ.